ಸಹಿ ಹಾಕುವ ಮುನ್ನ: ಕಾಳಿ ದಂಡೆಯಲ್ಲಿ ಹೊಸ ಯಂತ್ರಗಳ ಪರೀಕ್ಷೆ

ಹೊಸ ಯಂತ್ರ ಕೂರಿಸಿದ ದಿನ ನಮ್ಮ ಕಡೆ ಏನೇನು ನಡೆಯುತ್ತದೆ ಎಂಬುದು ಎಲ್ಲರೂ ಕಂಡದ್ದೇ. ಭಟ್ಟರು ಬರುತ್ತಾರೆ, ಕಾಯಿ ಒಡೆಯುತ್ತದೆ, ಮೋಟರಿಗೆ ಕುಂಕುಮ ಬೀಳುತ್ತದೆ. ಕಂಪನಿಯಿಂದ ಬಂದ ಹುಡುಗ ಹಸಿರು ಬಟನ್ ಒತ್ತುತ್ತಾನೆ. ಕಾಲು ತಾಸು ಯಂತ್ರ ತಿರುಗುತ್ತದೆ. ಸದ್ದು ಚೆನ್ನಾಗಿದೆ ಎಂದು ನಾಲ್ಕು ಜನ ತಲೆಯಾಡಿಸುತ್ತಾರೆ. ಚಹಾದ ಜೊತೆಗೇ ಒಂದು ಹಾಳೆ ಬರುತ್ತದೆ. ಯಂತ್ರವನ್ನು ತೃಪ್ತಿಕರ ಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ ಎಂಬ ಸಾಲು ಅದರಲ್ಲಿ ಊರಿಂದ ಹೊರಡುವಾಗಲೇ ಅಚ್ಚಾಗಿರುತ್ತದೆ. ಮಾಲೀಕ ಸಹಿ ಹಾಕುತ್ತಾನೆ. ಅಲ್ಲಿಗೆ ಬಾಕಿ ಹಣ ಬಿಡುಗಡೆ, ವಾರಂಟಿಯ ಗಡಿಯಾರ ಶುರು, ಮುಂದಿನದೆಲ್ಲ ಮಾಲೀಕನ ತಲೆಗೆ. ಇಷ್ಟನ್ನೆಲ್ಲ ತೀರ್ಮಾನಿಸಿದ ಆ ಕಾಲು ತಾಸಿನಲ್ಲಿ ಪರೀಕ್ಷೆಗೆ ಒಳಗಾದದ್ದಾದರೂ ಏನು? ಬಟನ್ ಒತ್ತಿದರೆ ಯಂತ್ರ ತಿರುಗುತ್ತದೆ ಎಂಬುದೊಂದೇ.

ಈ ಪ್ರಶ್ನೆ ಎತ್ತಿಕೊಳ್ಳಲು ಸದಾಶಿವಗಡಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮಾಜಾಳಿ ಗಡಿ ದಾಟಿ ಗೋವಾ ಕಡೆಯಿಂದ ಬರುವ ಯಂತ್ರದ ಟ್ರೇಲರುಗಳು ಕೋಟೆಗುಡ್ಡದ ಬುಡದಲ್ಲೇ ಹಾದು ಕಾಳಿ ಸೇತುವೆ ಹತ್ತುತ್ತವೆ. 2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಮೇಲೆ ಹಳೆಯ ಸೇತುವೆ ನದಿಗೆ ಕುಸಿದ ಬಳಿಕ ಎಲ್ಲ ಭಾರವೂ ಹೊಸ ಸೇತುವೆಗೇ ಬಿತ್ತು. ಒಮ್ಮೆ ಪಾಸಾದದ್ದು ಎಂದೆಂದಿಗೂ ಪಾಸು ಎಂದು ನಂಬುವವರು ಆ ಕುಸಿತವನ್ನು ನೆನಪಿಟ್ಟುಕೊಳ್ಳಲಿ. ನದಿಯ ಜಾಡು ಹಿಡಿದು ಮೇಲಕ್ಕೆ ಹೋದರೆ ಕದ್ರಾ ಅಣೆಕಟ್ಟು, ಕೈಗಾ ಅಣುಸ್ಥಾವರ, ಕೊಡಸಳ್ಳಿ ಅಣೆಕಟ್ಟು. ದಕ್ಷಿಣಕ್ಕೆ ತಿರುಗಿದರೆ ಬೈತಖೋಲದ ಮೀನುಗಾರಿಕೆ ಬಂದರು, ಬಿಣಗಾದ ರಾಸಾಯನಿಕ ಕಾರ್ಖಾನೆ, ಅರಗಾದ ನೌಕಾನೆಲೆ, ಅದರಾಚೆ ಅಂಕೋಲಾದ ಅಕ್ಕಿ ಗಿರಣಿಗಳು. ಐದು ಎಚ್‌ಪಿ ಮೋಟರಿನಿಂದ ಅಣು ರಿಯಾಕ್ಟರಿನವರೆಗೆ ಎಲ್ಲ ಅಳತೆಯ ಯಂತ್ರಗಳೂ ಕಾರವಾರ, ಅಂಕೋಲಾ ಎಂಬ ಈ ಎರಡು ತಾಲ್ಲೂಕುಗಳಲ್ಲಿ ಇವೆ. ಅವುಗಳನ್ನು ಒಪ್ಪಿಕೊಂಡ ರೀತಿಯಲ್ಲಿ ಮಾತ್ರ ಅಜಗಜಾಂತರ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಯಂತ್ರಕ್ಕೂ ಒಂದು ಕೆಟ್ಟ ದಿನ ಇರುತ್ತದೆ. ಹೊರೆ ತುಂಬಿದ, ಸೆಕೆ ಏರಿದ, ವೋಲ್ಟೇಜ್ ಬಿದ್ದ, ಗಾಳಿಯೆಲ್ಲ ತೇವವಾದ ದಿನ. ಆ ದಿನದಲ್ಲಿ ಯಂತ್ರ ಏನು ಮಾಡುತ್ತದೆಂದು ನೋಡಿಕೊಳ್ಳುವುದೇ ಸ್ವೀಕೃತಿ ಪರೀಕ್ಷೆ. ಉಳಿದದ್ದು ಸಮಾರಂಭ.

ಕೈಗಾದಿಂದ ಶುರು ಮಾಡೋಣ. ಅಣುಶಕ್ತಿ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ನಮ್ಮ ಜಿಲ್ಲೆಯ ಕ್ಷೇತ್ರದಿಂದ ನಿಂತದ್ದೇ ಆ ಪ್ರಶ್ನೆಯನ್ನು ಹಿಡಿದು. ಇಲ್ಲಿ ನನಗೆ ಬೇಕಾದದ್ದು ಪರೀಕ್ಷೆಯ ಕತೆ. ಕೈಗಾದ ಮೊದಲೆರಡು ಘಟಕಗಳ ಕಾಂಕ್ರೀಟು ಕೆಲಸ ಶುರುವಾದದ್ದೂ 1989ರಲ್ಲೇ. 1994ರ ಮೇ 13ರಂದು ಒಂದನೇ ಘಟಕದ ರಿಯಾಕ್ಟರ್ ಕಟ್ಟಡದ ಒಳಗುಮ್ಮಟದ ಕೆಳಪದರ ಹಪ್ಪಳ ಎದ್ದಂತೆ ಕಳಚಿ ಕೆಳಗೆ ಬಿತ್ತು. ಬಿದ್ದ ಕಾಂಕ್ರೀಟು ಸುಮಾರು 130 ಟನ್. ಕೆಲಸಗಾರರು ಗಾಯಗೊಂಡರು. ಇಂಧನ ಇನ್ನೂ ಒಳಗೆ ಬಂದಿರಲಿಲ್ಲವಾದ್ದರಿಂದ ವಿಕಿರಣದ ಮಾತು ಇರಲಿಲ್ಲ. ಗುಮ್ಮಟದೊಳಗೆ ಹಾಯಿಸಿದ ಉಕ್ಕಿನ ಕೇಬಲುಗಳನ್ನು ಬಿಗಿಯುವ ಕೆಲಸ ಆಗ ನಡೆದಿತ್ತು. ಬಾಗಿದ ಕೇಬಲನ್ನು ಎಳೆದರೆ ಅದು ನೆಟ್ಟಗಾಗಲು ನೋಡುತ್ತದೆ, ಕಾಂಕ್ರೀಟನ್ನು ಪದರಪದರವಾಗಿ ಬಿಡಿಸಲು ಎಳೆಯುತ್ತದೆ. ಆ ಅಡ್ಡ ಎಳೆತಕ್ಕೆ ವಿನ್ಯಾಸದಲ್ಲಿ ಸಾಕಷ್ಟು ಉತ್ತರ ಇರಲಿಲ್ಲ. ಅಮೆರಿಕದ ಟರ್ಕಿ ಪಾಯಿಂಟ್ ಮತ್ತು ಕ್ರಿಸ್ಟಲ್ ರಿವರ್ ಸ್ಥಾವರಗಳ ಗುಮ್ಮಟಗಳಲ್ಲಿ 1970ರ ದಶಕದಲ್ಲೇ ಇಂಥ ಪದರ ಬಿಡುವಿಕೆ ಕಂಡಿತ್ತು. ಆ ಪಾಠ ಕಾಳಿ ದಂಡೆಗೆ ಬರಲು ಇಪ್ಪತ್ತು ವರ್ಷ ಸಾಲಲಿಲ್ಲ.

ಇದನ್ನು ವೈಫಲ್ಯ ಎಂದು ಬರೆದವರೇ ಹೆಚ್ಚು. ಅದು ವೈಫಲ್ಯ ಹೌದು, ವಿನ್ಯಾಸದ ವೈಫಲ್ಯ. ಆದರೆ ಒಪ್ಪಿಸುವ ಮೊದಲೇ ಗುಮ್ಮಟ ನಿಜವಾದ ಹೊರೆ ಹೊರಬೇಕಾಗಿ ಬಂದದ್ದರಿಂದ ದೋಷ ಆಗಲೇ ಹೊರಬಿತ್ತು. ಗುಮ್ಮಟವನ್ನು ಮತ್ತೆ ಲೆಕ್ಕ ಹಾಕಿ, ಸಿಲಿಕಾ ಫ್ಯೂಮ್ ಬೆರೆಸಿದ ಎಂ-60 ದರ್ಜೆಯ ಕಾಂಕ್ರೀಟಿನಲ್ಲಿ ಕಟ್ಟಿದರು. ಇದೇ ನಮೂನೆಯ ಗುಮ್ಮಟವಿದ್ದ ರಾಜಸ್ಥಾನದ ಘಟಕಗಳೂ ತಿದ್ದುಪಡಿಗೆ ಒಳಗಾದವು. ಯೋಜನೆ ವರ್ಷಗಟ್ಟಲೆ ಹಿಂದೆ ಬಿತ್ತು. ಕಟ್ಟಿ ಮುಗಿದ ಮೇಲೆ ಇಡೀ ಕಟ್ಟಡಕ್ಕೆ ಗಾಳಿ ತುಂಬಿ, ವಿನ್ಯಾಸದ ಒತ್ತಡದ 1.15 ಪಟ್ಟು ಹೇರಿ, ಗೋಡೆ ಎಷ್ಟು ಉಬ್ಬಿತು, ಒತ್ತಡ ಇಳಿದಾಗ ಎಷ್ಟು ಮರಳಿ ಬಂತು ಎಂದು ಅಳೆಯುವುದು ಕ್ರಮ. ಆಮೇಲೆ ಸೋರಿಕೆಯ ಪರೀಕ್ಷೆ ಬೇರೆಯಾಗಿ.

ಅಲ್ಲಿಂದ ಮುಂದಿನ ಮೆಟ್ಟಿಲುಗಳನ್ನು ಯಾವ ಗಿರಣಿ ಮಾಲೀಕನಾದರೂ ಒಮ್ಮೆ ಓದಿಕೊಳ್ಳಬೇಕು. ಈ ರಿಯಾಕ್ಟರುಗಳಲ್ಲಿ ಓಡುವ ಭಾರಜಲ ದುಬಾರಿ, ಹಾಗಾಗಿ ಮೊದಲು ಮಾಮೂಲಿ ಶುದ್ಧ ನೀರನ್ನೇ ತುಂಬಿ ಪೈಪುಗಳಿಗೆ ಒತ್ತಡ ಕೊಡುತ್ತಾರೆ. ಪಂಪುಗಳು ತಿರುಗುವ ಬಿಸಿಯಿಂದಲೇ ನೀರನ್ನು ಕಾಯಿಸಿ ದಿನಗಟ್ಟಲೆ ಸುತ್ತಿಸುತ್ತಾರೆ. ಇದರಿಂದ ಉಕ್ಕಿನ ಪೈಪಿನ ಒಳಮೈಗೆ ಮ್ಯಾಗ್ನೆಟೈಟಿನ ತೆಳು ಲೇಪ ಕಟ್ಟಿ ಮುಂದೆ ತುಕ್ಕು ತಡೆಯುತ್ತದೆ. ಆಮೇಲೆ ಆ ನೀರನ್ನು ಪೂರ್ತಿ ಹೊರಹಾಕಿ, ಒಣಗಿಸಿ, ಭಾರಜಲ ತುಂಬುವುದು. ರಿಯಾಕ್ಟರ್ ಕ್ರಿಟಿಕಲ್ ಆದ (ಅಂದರೆ ಅಣು ಸರಪಳಿ ಕ್ರಿಯೆ ತಾನಾಗಿ ನಡೆಯತೊಡಗಿದ) ಮೇಲೂ ಅಣುಶಕ್ತಿ ನಿಯಂತ್ರಣ ಮಂಡಳಿ ಒಂದೇ ಸಲಕ್ಕೆ ನೂರಕ್ಕೆ ನೂರು ಬಿಡುವುದಿಲ್ಲ. ಅರ್ಧ ಶಕ್ತಿಗೆ ಒಂದು ಅನುಮತಿ, ಶೇ 90ಕ್ಕೆ ಇನ್ನೊಂದು, ಪೂರ್ಣ ಶಕ್ತಿಗೆ ಮತ್ತೊಂದು. ಪ್ರತಿ ಮೆಟ್ಟಿಲಿನ ಅಳತೆಗಳನ್ನು ಕೊಟ್ಟ ಮೇಲೆಯೇ ಮುಂದಿನದು. ಕೆಲಸ ಮಾಡಿದವರು ಬೇರೆ, ಒಪ್ಪಿಗೆ ಕೊಡುವವರು ಬೇರೆ.

ಎರಡನೇ ಘಟಕ ಮೊದಲು ತಯಾರಾಗಿ 1999ರ ಸೆಪ್ಟೆಂಬರ್ 24ರಂದು ಕ್ರಿಟಿಕಲ್ ಆಯಿತು. ವಾಣಿಜ್ಯ ಉತ್ಪಾದನೆ ಘೋಷಣೆಯಾದದ್ದು 2000ದ ಮಾರ್ಚ್ 16ಕ್ಕೆ. ಹೆಚ್ಚುಕಡಿಮೆ ಆರು ತಿಂಗಳು. ಗುಮ್ಮಟ ಕಳಚಿದ ಒಂದನೇ ಘಟಕ 2000ದ ಸೆಪ್ಟೆಂಬರ್ 26ರಂದು ಕ್ರಿಟಿಕಲ್ ಆಗಿ ನವೆಂಬರ್ 16ಕ್ಕೇ ವಾಣಿಜ್ಯ ಉತ್ಪಾದನೆಗೆ ಬಂತು, ಎರಡು ತಿಂಗಳೂ ಹಿಡಿಯಲಿಲ್ಲ. ಒಂದರ ಪರೀಕ್ಷೆಯಲ್ಲಿ ಬರೆದಿಟ್ಟದ್ದು ಇನ್ನೊಂದಕ್ಕೆ ಒದಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ, ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆ ಮುರಿಯಿತು. (ಓಟ ಶುರುವಾದ ತಾರೀಖು ಗುಮ್ಮಟ ಕಳಚಿದ ತಾರೀಖೇ, ಇಪ್ಪತ್ತೆರಡು ವರ್ಷದ ಮೇಲೆ, ಕಾಕತಾಳೀಯ, ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.) ಆ ದಾಖಲೆಯನ್ನು ಮುಂದೆ ಕೆನಡಾದ ಡಾರ್ಲಿಂಗ್ಟನ್ 1,106 ದಿನ ಓಡಿ ಮುರಿಯಿತು.

ಕೈಗಾಕ್ಕೆ ತಂಪು ನೀರು ಕೊಡುವ ಕದ್ರಾ ಜಲಾಶಯದ ಕೆಳಗೆ ಕರ್ನಾಟಕ ವಿದ್ಯುತ್ ನಿಗಮದ 50 ಮೆಗಾವ್ಯಾಟಿನ ಮೂರು ಘಟಕಗಳಿವೆ. ಜಲವಿದ್ಯುತ್ ಯಂತ್ರದ ಕೆಟ್ಟ ದಿನ ಯಾವುದು? ಪೂರ್ಣ ಹೊರೆಯಲ್ಲಿ ತಿರುಗುತ್ತಿರುವಾಗ ಮಳೆಗಾಲದ ಸಿಡಿಲಿಗೋ ಮರ ಬಿದ್ದೋ ಲೈನು ಕಡಿದುಹೋಗುವ ಕ್ಷಣ. ನೀರು ಅದೇ ರಭಸದಲ್ಲಿ ನುಗ್ಗುತ್ತಿರುತ್ತದೆ, ತಳ್ಳಲು ಎದುರು ಹೊರೆ ಇಲ್ಲ, ಟರ್ಬೈನಿನ ವೇಗ ಜಿಗಿಯುತ್ತದೆ. ಗವರ್ನರ್ ನೀರಿನ ಬಾಗಿಲು ಮುಚ್ಚಬೇಕು. ನಿಧಾನಕ್ಕೆ ಮುಚ್ಚಿದರೆ ಯಂತ್ರ ಮಿತಿಮೀರಿ ತಿರುಗುತ್ತದೆ. ಗಡಿಬಿಡಿಯಲ್ಲಿ ಮುಚ್ಚಿದರೆ ನೀರಿನ ಹೊಡೆತಕ್ಕೆ ಪೈಪು ಸಿಡಿಯಬಹುದು. ಈ ಎರಡರ ನಡುವೆ ಗವರ್ನರ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಬೇಕೆಂದೇ ಬ್ರೇಕರ್ ತೆರೆಯುತ್ತಾರೆ. ಮೊದಲು ಕಾಲು ಹೊರೆಯಲ್ಲಿ, ಆಮೇಲೆ ಅರ್ಧ, ಮುಕ್ಕಾಲು, ಕೊನೆಗೆ ಪೂರ್ಣ ಹೊರೆಯಲ್ಲಿ. ವಿದ್ಯುತ್ ಮನೆಯಲ್ಲಿ ಇದನ್ನು ಲೋಡ್ ರಿಜೆಕ್ಷನ್ ಎನ್ನುತ್ತಾರೆ. ಪೂರ್ಣ ಹೊರೆಯ ಬ್ರೇಕರ್ ತೆರೆದಾಗ ಕಟ್ಟಡವೇ ಗುಡುಗಿದಂತಾಗುತ್ತದೆ. ಆ ಗುಡುಗನ್ನು ಎಂಜಿನಿಯರುಗಳು ಕಾದುಕೊಂಡಿದ್ದು, ಸಲಕರಣೆ ಹಿಡಿದು, ತಾವೇ ಆರಿಸಿದ ಹೊತ್ತಿನಲ್ಲಿ ಕೇಳಿಸಿಕೊಳ್ಳುವುದು ಲೇಸು.

ದಕ್ಷತೆಯ ಖಾತರಿಯದು ಇನ್ನೊಂದು ಕತೆ. 50 ಮೆಗಾವ್ಯಾಟ್ ಯಂತ್ರದಲ್ಲಿ ಶೇ 1 ಎಂದರೆ 500 ಕಿಲೋವ್ಯಾಟ್, ಅದೂ ಯಂತ್ರದ ಆಯುಷ್ಯ ಮುಗಿಯುವ ತನಕ. ಆದ್ದರಿಂದಲೇ ಜಲಟರ್ಬೈನುಗಳನ್ನು ಅವು ನಿಂತ ಜಾಗದಲ್ಲೇ ಹೇಗೆ ಅಳೆಯಬೇಕೆಂದು ಐಇಸಿ 60041 ಎಂಬ ದೊಡ್ಡ ಸಂಹಿತೆಯೇ ಇದೆ. ಮುಖ್ಯ ತೊಡಕು ನೀರಿನ ಹರಿವನ್ನು ಅಳೆಯುವುದು. ಅದಕ್ಕೆ ಜಲಾಶಯದ ಮಟ್ಟವೂ ಬೇಕಾದಷ್ಟು ಇರಬೇಕು. ಉದ್ಘಾಟನೆಯ ತಾರೀಖು ಬೇಸಗೆಯಲ್ಲಿ ಬಿದ್ದರೆ ಯಂತ್ರ ಒಪ್ಪಿಸಿಕೊಂಡಾಗಿರುತ್ತದೆ, ದಕ್ಷತೆಯ ಪರೀಕ್ಷೆ ಮಳೆಗೆ ಕಾಯುತ್ತಿರುತ್ತದೆ.

ವೇಗದಷ್ಟೇ ಕಂಪನವೂ ಮುಖ್ಯ. ರಷ್ಯಾದ ಸಯಾನೊ-ಶುಶೆನ್‌ಸ್ಕಾಯ ಜಲವಿದ್ಯುತ್ ಕೇಂದ್ರದಲ್ಲಿ ದುರಸ್ತಿ ಮುಗಿಸಿ ಕೆಲಸಕ್ಕೆ ಮರಳಿದ್ದ ಎರಡನೇ ಘಟಕ 2009ರ ಆಗಸ್ಟ್ 17ರಂದು ತನ್ನ ಮುಚ್ಚಳ ಕಿತ್ತುಕೊಂಡು ಮೇಲೆದ್ದಿತು. 75 ಜನ ಸತ್ತರು. ಅದಕ್ಕೂ ಮೊದಲಿನ ವಾರಗಳಲ್ಲಿ ಕಂಪನ ಏರುತ್ತಲೇ ಇತ್ತು. ಸದ್ದು ಚೆನ್ನಾಗಿದೆ, ಕೈ ಇಟ್ಟರೆ ಹೆಚ್ಚೇನೂ ನಡುಗುತ್ತಿಲ್ಲ ಎಂಬ ಅಂದಾಜು ಗಿರಣಿಗೂ ಸಾಲದು, ಅಣೆಕಟ್ಟಿಗೂ ಸಾಲದು. ಮೊದಲ ದಿನ ಬೇರಿಂಗಿನ ಮೇಲೆ ಮೀಟರ್ ಇಟ್ಟು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಬರೆದಿಟ್ಟರೆ ಮಾತ್ರ ವರ್ಷದ ಮೇಲೆ ಹೋಲಿಸಲು ಏನಾದರೂ ಕೈಯಲ್ಲಿರುತ್ತದೆ.

ಅಂದಾಜನ್ನು ಅಂಕಿಯಾಗಿಸಿದ ಪುಣ್ಯ ಬರ್ಲಿನ್ನಿನ ಪ್ರೊಫೆಸರ್ ಗೇಯೋರ್ಗ್ ಶ್ಲೆಸಿಂಗರ್ ಅವರದು. ಲೇತು, ಮಿಲ್ಲಿಂಗ್ ಯಂತ್ರಗಳನ್ನು ಕೊಳ್ಳುವವನು ಏನೇನು ಅಳೆದು ನೋಡಬೇಕು, ಎಲ್ಲೆಲ್ಲಿ ಎಷ್ಟು ತಪ್ಪನ್ನು ಕ್ಷಮಿಸಬಹುದು ಎಂಬ ಪಟ್ಟಿಗಳ ಪುಸ್ತಕವನ್ನು ಅವರು 1927ರಲ್ಲಿ ಹೊರತಂದರು.  ಇವತ್ತಿನ ಐಎಸ್‌ಒ 230 ಮಾನದಂಡದ ಹಿಂದೆ ಆ ಪಟ್ಟಿಗಳ ನೆರಳಿದೆ. ಕರ್ನಾಟಕಕ್ಕೆ ಈ ಶಿಸ್ತು ಬಂದದ್ದು 1953ರಲ್ಲಿ ಸ್ವಿಸ್ ಓರ್ಲಿಕಾನ್ ಕಂಪನಿಯ ನೆರವಿನಿಂದ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿ ಜೊತೆಗೆ. 1962ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಸಿಎಂಟಿಐ ಸಂಸ್ಥೆ ತಲೆಯೆತ್ತಿದ ಮೇಲೆ ಯಂತ್ರವನ್ನು ಮಾರುವವನೂ ಅಲ್ಲದ ಕೊಳ್ಳುವವನೂ ಅಲ್ಲದ ಮೂರನೆಯವನಿಂದ ಅಳೆಸುವ ದಾರಿ ತೆರೆಯಿತು. ಎಚ್‌ಎಂಟಿಯ ಹಳೇ ಲೇತಿನ ಜೊತೆ ಬರುತ್ತಿದ್ದ ಟೆಸ್ಟ್ ಚಾರ್ಟ್ ಇನ್ನೂ ಕೆಲವು ವರ್ಕ್‌ಶಾಪುಗಳ ಕಪಾಟಿನಲ್ಲಿ ಸಿಗುತ್ತದೆ. ಒಂದು ಕಾಲಮ್ಮಿನಲ್ಲಿ ಅನುಮತಿಸಿದ ತಪ್ಪು, ಪಕ್ಕದ ಕಾಲಮ್ಮಿನಲ್ಲಿ ಈ ಯಂತ್ರದಲ್ಲಿ ಅಳೆದ ತಪ್ಪು, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ. ಅಂಥ ಒಂದು ಹಾಳೆ ಇವತ್ತಿನ ಐಸ್ ಪ್ಲಾಂಟಿಗೋ ಅಕ್ಕಿ ಗಿರಣಿಗೋ ಯಾಕಿಲ್ಲ ಎಂದು ಕೇಳಿದರೆ ಮಾರಾಟಗಾರರು ಮುಖ ಮುಖ ನೋಡುತ್ತಾರೆ.

ಅರಗಾದ ಕಡೆ ಬರೋಣ. ಐಎನ್‌ಎಸ್ ಕದಂಬ ನೆಲೆ 2005ರ ಮೇ 31ರಂದು ನೌಕಾಪಡೆಗೆ ಸೇರಿತು. 10,000 ಟನ್ ಹಡಗನ್ನು ನೀರಿನಿಂದ ಮೇಲೆತ್ತುವ ಶಿಪ್‌ಲಿಫ್ಟ್ ಅಲ್ಲಿದೆ. ಸಾಲಾಗಿ ನಿಂತ ವಿಂಚುಗಳು ಒಂದೇ ತಾಳದಲ್ಲಿ ಎತ್ತಬೇಕು. ಒಂದು ಹಿಂದೆ ಬಿದ್ದರೂ ವೇದಿಕೆ ವಾಲುತ್ತದೆ. ಆದರೆ ಈ ನೆಲೆಯ ಅತಿ ದೊಡ್ಡ ಪರೀಕ್ಷೆ ನಡೆದದ್ದು ಇಲ್ಲಿಂದ ಸಾವಿರಾರು ಮೈಲು ದೂರದ ಬ್ಯಾರೆಂಟ್ಸ್ ಸಮುದ್ರದಲ್ಲಿ. ಈ ನೆಲೆಗೆ ಬರಬೇಕಿದ್ದ ವಿಮಾನವಾಹಕ ವಿಕ್ರಮಾದಿತ್ಯವನ್ನು ರಷ್ಯಾದ ಸೆವ್ಮಾಶ್ ಹಡಗುಕಟ್ಟೆ ಹೊಸದಾಗಿಸಿ ಕೊಡಬೇಕಿತ್ತು. 2012ರ ಬೇಸಗೆಯಲ್ಲಿ ಸಮುದ್ರ ಪರೀಕ್ಷೆ ಶುರುವಾಯಿತು. ಸಾಧಾರಣ ವೇಗದಲ್ಲಿ ಎಲ್ಲ ಸರಿ. ಸೆಪ್ಟೆಂಬರಿನಲ್ಲಿ ಪೂರ್ಣ ವೇಗಕ್ಕೆ ಏರಿಸಿದಾಗ ಎಂಟು ಬಾಯ್ಲರುಗಳಲ್ಲಿ ಏಳು ಕೈಕೊಟ್ಟವು. ಬಾಯ್ಲರಿನ ಒಳಮೈಗೆ ಆಸ್ಬೆಸ್ಟಾಸ್ ಬೇಡವೆಂದು ಭಾರತ ಹೇಳಿದ್ದರಿಂದ ಬೆಂಕಿ ತಡೆಯುವ ಇಟ್ಟಿಗೆ ಹಾಕಿದ್ದರು, ಅದು ತಡೆದುಕೊಳ್ಳಲಿಲ್ಲ. ಇಟ್ಟಿಗೆ ಚೀನಾದ ಕಳಪೆ ಮಾಲು ಎಂದು ರಷ್ಯಾದವರು, ನಾವು ಕೊಟ್ಟೇ ಇಲ್ಲ ಎಂದು ಚೀನಾದವರು. ಯಾರದೇ ತಪ್ಪಾಗಲಿ, 2012ರ ಡಿಸೆಂಬರಿಗೆ ಆಗಬೇಕಿದ್ದ ಹಸ್ತಾಂತರ ಮುಂದೆ ಹೋಯಿತು. ಬಾಯ್ಲರ್ ದುರಸ್ತಿಯಾಗಿ, ಮತ್ತೆ ಸಮುದ್ರ ಪರೀಕ್ಷೆಯಾಗಿ, ಹಡಗು ನೌಕಾಪಡೆಗೆ ಸೇರಿದ್ದು 2013ರ ನವೆಂಬರ್ 16ರಂದು. ಕಾರವಾರ ತಲುಪಿದ್ದು 2014ರ ಜನವರಿಯಲ್ಲಿ. ಇನ್ನೊಂದು ವರ್ಷ ತಡವೇ ಎಂದು ಆಗ ಪತ್ರಿಕೆಗಳು ಗೊಣಗಿದವು. ಅರ್ಧ ವೇಗದಲ್ಲೇ ಪರೀಕ್ಷೆ ಮುಗಿಸಿ ಸಹಿ ಹಾಕಿದ್ದರೆ ಆ ಬಾಯ್ಲರುಗಳು ಕೈಕೊಡುತ್ತಿದ್ದದ್ದು ಅರಬ್ಬಿ ಸಮುದ್ರದಲ್ಲಿ, ಖರ್ಚು ನಮ್ಮದೇ.

ಕೆಟ್ಟ ದಿನವನ್ನು ಬೇಕೆಂದೇ ಬರಮಾಡಿಕೊಳ್ಳುವಾಗ ಯಾರು ಎಲ್ಲಿ ನಿಂತಿರಬೇಕು ಎಂಬುದೂ ಪರೀಕ್ಷೆಯ ಭಾಗ. ಇದನ್ನು ಮರೆತ ಬೆಲೆ ದೊಡ್ಡದು. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡಿನಲ್ಲಿ ಹೊಸ ಕ್ರೇನಿನ ಹೊರೆ ಪರೀಕ್ಷೆ ನಡೆಯುತ್ತಿದ್ದಾಗಲೇ ಕ್ರೇನು ಕುಸಿದು 11 ಜನ ಸತ್ತರು. ಕ್ರೇನುಗಳನ್ನು ನಿಗದಿತ ಭಾರಕ್ಕಿಂತ ಹೆಚ್ಚು, ಸಾಮಾನ್ಯವಾಗಿ ಶೇ 125ರಷ್ಟು ಭಾರ ತೂಗಹಾಕಿ ನೋಡುವುದು ವಾಡಿಕೆ. ಬೀಳಬಹುದು ಎಂಬ ಅನುಮಾನ ಇರುವುದರಿಂದಲೇ ಈ ಪರೀಕ್ಷೆ. ಹಾಗಿದ್ದ ಮೇಲೆ ಕ್ರೇನಿನ ಮೇಲೆ, ಕೆಳಗೆ ಇರಲೇಬೇಕಾದವರ ಹೊರತು ಒಬ್ಬರೂ ಇರಕೂಡದು. ಅದೇ ವರ್ಷ ಅಕ್ಟೋಬರ್ 2ರಂದು ಕರ್ನಾಟಕ ವಿದ್ಯುತ್ ನಿಗಮದ ಯಲಹಂಕದ 370 ಮೆಗಾವ್ಯಾಟ್ ಅನಿಲ ವಿದ್ಯುತ್ ಸ್ಥಾವರದಲ್ಲಿ ಪರೀಕ್ಷಾ ಚಾಲನೆಯ ಹಂತದಲ್ಲೇ ಬೆಂಕಿ ಎದ್ದು ಎಂಜಿನಿಯರುಗಳೂ ಸೇರಿ ಹಲವರು ಸುಟ್ಟುಕೊಂಡರು. ಸ್ಥಾವರ ಉದ್ಘಾಟನೆಗೊಂಡದ್ದು 2024ರಲ್ಲಿ. ವಿಮಾ ಕಂಪನಿಗಳಿಗೆ ಇದು ಹಳೇ ಪಾಠ. ಯಂತ್ರ ಜೋಡಣೆಯ ಪಾಲಿಸಿಗಳಲ್ಲಿ ಪರೀಕ್ಷೆಯ ಅವಧಿಯನ್ನು ಬೇರೆಯಾಗಿ, ಸಾಮಾನ್ಯವಾಗಿ ನಾಲ್ಕು ವಾರ ಎಂದು ನಮೂದಿಸುತ್ತಾರೆ. ಅದಕ್ಕೂ ಮೀರಿ ಎಳೆದರೆ ಹೆಚ್ಚಿನ ಪ್ರೀಮಿಯಂ ಕೇಳುತ್ತಾರೆ.

ಇಷ್ಟೆಲ್ಲ ದೊಡ್ಡವರ ಮಾತಾಯಿತು. ಬೈತಖೋಲಕ್ಕೆ ಇಳಿದರೆ ಈ ಪಾಠಗಳು ಯಾರಿಗೂ ತಲುಪಿಲ್ಲ ಎನ್ನಿಸುತ್ತದೆ. ಮೀನುಗಾರಿಕೆಗೆ ಐಸ್ ಬೇಕು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಹೊಸ ಐಸ್ ಪ್ಲಾಂಟ್ ಕೂರಿಸುವುದಿದ್ದರೆ, ಹಳೆಯದರ ಕಂಪ್ರೆಸರ್ ಬದಲಿಸುವುದಿದ್ದರೆ ಸಹಜವಾಗಿಯೇ ಆ 61 ದಿನಗಳಲ್ಲಿ. ಪರೀಕ್ಷೆ ಜುಲೈ ಕೊನೆಯ ವಾರ. ಹೊರಗೆ ಜಡಿಮಳೆ, ಗಾಳಿ ತಂಪು, ಬಾವಿ ತುಂಬಿ ನೀರೂ ತಂಪು. ಯಂತ್ರ ಬ್ಲಾಕಿನ ಮೇಲೆ ಬ್ಲಾಕು ಕಟ್ಟಿ ಹಾಕುತ್ತದೆ, ಎಲ್ಲರಿಗೂ ಖುಷಿ. ಸಹಿ ಬೀಳುತ್ತದೆ.

ಲೆಕ್ಕ ಸರಳ. ಒಂದು ಕಿಲೋ ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆ ಕಟ್ಟಲು 334 ಕಿಲೋಜೂಲ್ ಶಾಖ ತೆಗೆಯಬೇಕು. ಸೊನ್ನೆಗೆ ಇಳಿಸುವವರೆಗೆ ಪ್ರತಿ ಡಿಗ್ರಿಗೆ 4.2 ಕಿಲೋಜೂಲ್. 20 ಡಿಗ್ರಿಯ ನೀರಿಗೂ 30 ಡಿಗ್ರಿಯ ನೀರಿಗೂ ಪ್ರತಿ ಕಿಲೋಗೆ 42 ಕಿಲೋಜೂಲ್ ವ್ಯತ್ಯಾಸ, ಅಂದರೆ ಸುಮಾರು ಶೇ 10ರಷ್ಟು ಹೆಚ್ಚು ಕೆಲಸ. ಅದರ ಮೇಲೆ ಏಪ್ರಿಲ್, ಮೇ ತಿಂಗಳ ಕರಾವಳಿ ಸೆಕೆಗೆ ಕಂಡೆನ್ಸರಿನ ಒತ್ತಡ ಏರುತ್ತದೆ. ಕಂಪ್ರೆಸರ್ ಹೆಚ್ಚು ಕರೆಂಟು ತಿಂದು ಕಡಿಮೆ ತಂಪು ಕೊಡುತ್ತದೆ. ಕೆಟಲಾಗಿನಲ್ಲಿ ದಿನಕ್ಕೆ 10 ಟನ್ ಎಂದು ಬರೆದಿದ್ದರೆ ಅದು ಎಷ್ಟು ಬಿಸಿ ನೀರಿಗೆ, ಹೊರಗೆ ಎಷ್ಟು ಸೆಕೆ ಇದ್ದಾಗ ಎಂಬ ಎರಡು ಅಂಕಿ ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ಆ ಹತ್ತಕ್ಕೆ ಅರ್ಥವಿಲ್ಲ. ಮಳೆಗಾಲದಲ್ಲಿ ಪರೀಕ್ಷಿಸಲೇಬೇಕಾಗಿ ಬಂದರೆ ನೀರನ್ನು 30 ಡಿಗ್ರಿಗೆ ಕಾಯಿಸಿ ಡಬ್ಬಿಗಳಿಗೆ ತುಂಬಿ ನೋಡಬಹುದು. ಕಂಡೆನ್ಸರಿಗೆ ಹೋಗುವ ನೀರನ್ನೂ ಬಿಸಿ ಮಾಡಿಕೊಳ್ಳಬಹುದು. ತಮಾಷೆ ಅನ್ನಿಸಿದರೂ ಇದು ನಿಜವಾದ ಪರೀಕ್ಷೆ, ಮತ್ತು ಒಂದು ದಿನದ ಸೌದೆಯ ಖರ್ಚು.

ಐಸ್ ಪ್ಲಾಂಟಿನ ಪೈಪುಗಳಿಗೆ ಅಮೋನಿಯಾ ತುಂಬುವ ಮೊದಲಿನ ಸೋರಿಕೆ ಪರೀಕ್ಷೆಯಲ್ಲೂ ಒಂದು ಸೂಕ್ಷ್ಮವಿದೆ. ಪೈಪುಗಳಿಗೆ ನೈಟ್ರೋಜನ್ ಹಿಡಿದು ಒಂದು ರಾತ್ರಿ ಬಿಟ್ಟು ಬೆಳಗ್ಗೆ ಗೇಜ್ ನೋಡುತ್ತಾರೆ. ಮುಳ್ಳು ಚೂರು ಇಳಿದಿದ್ದರೆ ಸೋರಿಕೆ ಎನ್ನುತ್ತಾರೆ, ಇಲ್ಲವೇ ತಂಪಿಗೆ ಇಳಿದಿದೆ ಬಿಡಿ ಎನ್ನುತ್ತಾರೆ. ಎರಡೂ ಬಾಯಿಮಾತು. ಸಂಜೆ 30 ಡಿಗ್ರಿ ಇದ್ದದ್ದು ಬೆಳಗ್ಗೆ 24 ಆಗಿದ್ದರೆ ಒಟ್ಟು ಒತ್ತಡ ಶೇ 2ರಷ್ಟು ಇಳಿಯಬೇಕು. ಅದಕ್ಕಿಂತ ಹೆಚ್ಚು ಇಳಿದದ್ದು ಸೋರಿಕೆ. ಗೇಜಿನ ಪಕ್ಕ ಒಂದು ಥರ್ಮಾಮೀಟರ್ ಸಿಕ್ಕಿಸಿದರೆ ವಾದ ಮುಗಿಯಿತು. ಅಮೋನಿಯಾ ಸೋರಿದರೆ ಉಸಿರು ಕಟ್ಟುವುದು ಮಾಲೀಕನೊಬ್ಬನಿಗೇ ಅಲ್ಲ, ಇಡೀ ಕೇರಿಗೆ.

ವಿದ್ಯುತ್ ವಿಷಯಕ್ಕೆ ಬಂದರೆ ಕೆಟ್ಟ ಋತು ತಿರುಗುಮುರುಗು. ಮೋಟರಿನ ಸುರುಳಿಗಳ ಇನ್ಸುಲೇಷನ್ನನ್ನು ಏಪ್ರಿಲಿನಲ್ಲಿ ಮೆಗ್ಗರ್ ಹಿಡಿದು ನೋಡಿದರೆ ಮುಳ್ಳು ಕೊನೆಗೆ ಹೋಗಿ ನಿಲ್ಲುತ್ತದೆ. ಜುಲೈನಲ್ಲಿ ಉಪ್ಪುಗಾಳಿಯೂ ತೇವವೂ ಸೇರಿ ಎರಡು ವಾರ ನಿಲ್ಲಿಸಿಟ್ಟ ಮೋಟರನ್ನು ನೋಡಬೇಕು. ಹೆಸ್ಕಾಂ ಲೈನಿನ ತುದಿಯಲ್ಲಿರುವ ಹಳ್ಳಿಯ ಗಿರಣಿಗೆ ಇನ್ನೊಂದು ಪರೀಕ್ಷೆ ಉಂಟು. ವೋಲ್ಟೇಜ್ ಶೇ 10 ಇಳಿದರೆ ಮೋಟರಿನ ತಿರುಚುಬಲ ಇಳಿಯುವುದು ಶೇ 19. ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಮಾರಾಟಗಾರ ತನ್ನದೇ ಜನರೇಟರ್ ತಂದು ಯಂತ್ರ ಓಡಿಸಿ ತೋರಿಸಿದರೆ ಅದು ಜನರೇಟರಿನ ಪರೀಕ್ಷೆ. ಸಂಜೆ ಏಳಕ್ಕೆ, ಊರೆಲ್ಲ ದೀಪ ಹಚ್ಚಿ ಪಂಪು ಹಾಕಿದಾಗ, ತುಂಬಿದ ಹಾಪರಿನೊಂದಿಗೆ ನಿಂತಲ್ಲಿಂದ ಶುರುವಾಗುತ್ತದೆಯೇ ಎಂದು ನೋಡಿ. ಅಕ್ಕಿ ಗಿರಣಿಯವರು ಭತ್ತವನ್ನೂ ತಾವೇ ತರಲಿ. ಕಂಪನಿಯವರು ತರುವ ಒಣಗಿದ, ಆರಿಸಿದ ಭತ್ತದಲ್ಲಿ ನುಚ್ಚು ಕಮ್ಮಿಯೇ ಬರುತ್ತದೆ. ನಮ್ಮವರು ಕುದಿಸಿ ಒಣಗಿಸಿದ ಕುಚಲಕ್ಕಿಯ ಭತ್ತ ಹಾಕಿದಾಗ ಏನಾಗುತ್ತದೆ ಎಂಬುದು ಪ್ರಶ್ನೆ.

ಇಲ್ಲಿಯವರೆಗಿನದು ಎಂಜಿನಿಯರಿಂಗ್. ಸಹಿಯ ತೂಕ ತಿಳಿಯಲು ಕಾನೂನಿನ ಪುಸ್ತಕ ತೆರೆಯಬೇಕು. 1930ರ ಸರಕು ಮಾರಾಟ ಕಾಯ್ದೆಯ 41ನೇ ಕಲಂ ಕೊಳ್ಳುವವನಿಗೆ ಪರೀಕ್ಷಿಸಿ ನೋಡುವ ಅವಕಾಶವನ್ನು ಹಕ್ಕಾಗಿ ಕೊಟ್ಟಿದೆ. 42ನೇ ಕಲಂ ಆ ಹಕ್ಕು ಯಾವಾಗ ಮುಗಿಯುತ್ತದೆ ಎಂದು ಹೇಳುತ್ತದೆ: ಒಪ್ಪಿದೆ ಎಂದು ತಿಳಿಸಿದಾಗ, ಅಥವಾ ಸರಕು ತನ್ನದೇ ಎಂಬಂತೆ ನಡೆದುಕೊಂಡಾಗ, ಅಥವಾ ತಿರಸ್ಕರಿಸಿದ್ದೇನೆ ಎಂದು ತಿಳಿಸದೆ ಯುಕ್ತ ಕಾಲ ಮೀರಿ ಇಟ್ಟುಕೊಂಡಾಗ. ಒಮ್ಮೆ ಒಪ್ಪಿಕೊಂಡರೆ, 13ನೇ ಕಲಮಿನ ಪ್ರಕಾರ, ಸಾಮಾನ್ಯವಾಗಿ ಯಂತ್ರ ವಾಪಸು ಕೊಡುವ ಹಕ್ಕು ಹೋಗಿ ಪರಿಹಾರ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ. ಪರಿಹಾರಕ್ಕಾಗಿ ಕೋರ್ಟಿಗೆ ಅಲೆಯುವುದೆಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಆದೇಶದ ಕಾಗದದಲ್ಲೇ ಪರೀಕ್ಷೆ ಏನು, ಎಷ್ಟು ತಾಸು, ಯಾವ ಹೊರೆಯಲ್ಲಿ, ಯಾವ ಅಂಕಿ ಬಂದರೆ ಪಾಸು ಎಂದು ಬರೆಸಿಕೊಳ್ಳದವನು ಆಮೇಲೆ ಎಷ್ಟು ಕೂಗಿದರೂ ಅದು ಅಭಿಪ್ರಾಯವಾಗುತ್ತದೆ, ಹಕ್ಕಾಗುವುದಿಲ್ಲ.

ಹಣದ ಮಾತು ಇದಕ್ಕೆ ಅಂಟಿಕೊಂಡೇ ಇದೆ. ದೊಡ್ಡ ಗುತ್ತಿಗೆಗಳಲ್ಲಿ ಒಂದಿಷ್ಟು ಹಣವನ್ನು ಪರೀಕ್ಷೆ ಮುಗಿಯುವವರೆಗೆ, ಇನ್ನೊಂದಿಷ್ಟನ್ನು ದೋಷ ಸರಿಪಡಿಸುವ ಅವಧಿ ಮುಗಿಯುವವರೆಗೆ ಹಿಡಿದಿಡುತ್ತಾರೆ. ಸಣ್ಣ ಮಾಲೀಕನಿಗೆ ಈ ಹಿಡಿತ ಸಿಗುವುದಿಲ್ಲ. ಬ್ಯಾಂಕಿನ ಸಾಲ ಎಷ್ಟೋ ಸಲ ಯಂತ್ರ ಇಳಿಯುವ ಮೊದಲೇ ನೇರ ಮಾರಾಟಗಾರನ ಖಾತೆಗೆ ಹೋಗಿರುತ್ತದೆ. ಸಾಲದ ಕೊನೆಯ ಕಂತನ್ನು ಪರೀಕ್ಷೆಯ ವರದಿಗೆ ಜೋಡಿಸುವುದಕ್ಕೆ ಬ್ಯಾಂಕಿನವರಿಗೆ ಯಾವ ಅಡ್ಡಿಯೂ ಇಲ್ಲ, ಅವರ ಸಾಲದ ಭದ್ರತೆಯೇ ಆ ಯಂತ್ರ. ಹೀಗಿದ್ದೂ ಅವರು ಇದನ್ನು ಕೇಳುವುದು ಅಪರೂಪ. ಇದು ನನಗೆ ಅರ್ಥವಾಗದ ಉದಾಸೀನ.

ಕೊನೆಗೆ, ಈ ಮಳೆಗಾಲದ ಬಿಡುವಿನಲ್ಲಿ ಯಂತ್ರ ಕೂರಿಸಲು ಹೊರಟವರಿಗೆ ಒಂದು ಮಾತು. ಮಾರುವವನು ಸಣ್ಣ ಅಥವಾ ಅತಿಸಣ್ಣ ಉದ್ಯಮವಾಗಿದ್ದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಯಂತೆ, ಸರಕು ತಲುಪಿದ ದಿನದಿಂದ 15 ದಿನಗಳೊಳಗೆ ಲಿಖಿತವಾಗಿ ಆಕ್ಷೇಪ ಎತ್ತದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡಂತೆ, ಹಣ ಕೊಡುವ ಗಡುವೂ ಅಂದಿನಿಂದಲೇ. ಫೋನಿನಲ್ಲಿ ಬೈದದ್ದು ಆಕ್ಷೇಪವಲ್ಲ. ಮುಹೂರ್ತ ಯಾವ ದಿನವೇ ಇರಲಿ, ಪರೀಕ್ಷೆಯನ್ನು ಆ ಹದಿನೈದು ದಿನಗಳೊಳಗೆ ಪೂರ್ಣ ಹೊರೆಯಲ್ಲಿ ಮಾಡಿ, ಅಂಕಿಗಳನ್ನು ಬರೆದು, ಸರಿಯಿಲ್ಲದ್ದನ್ನು ಸ್ಪೀಡ್ ಪೋಸ್ಟಿನಲ್ಲೋ ಇಮೇಲಿನಲ್ಲೋ ಕಳುಹಿಸಿ, ಪ್ರತಿ ಇಟ್ಟುಕೊಳ್ಳಿ.